ಮಾಲಿ ಮೀನಿನ ಬಾಯಿಗೆ ಬಿಳಿ ಹತ್ತಿ: ಫಂಗಸ್ಸಾ, ಬ್ಯಾಕ್ಟೀರಿಯಾನಾ?

ಕುಮಟಾದಿಂದ ಪ್ರಶ್ನೆ

ಎರಡಡಿ ಟ್ಯಾಂಕು. ಆರು ಮಾಲಿ, ಹತ್ತು ಗಪ್ಪಿ. ನಾಲ್ಕು ದಿನದಿಂದ ಎರಡು ಮಾಲಿಗಳ ಬಾಯಿ ಸುತ್ತ ಬಿಳಿ ಹತ್ತಿ ಅಂಟಿದ ಹಾಗಿದೆ, ಒಂದು ಗಪ್ಪಿಯ ಬೆನ್ನ ಮೇಲೆ ಬೂದು ಪಟ್ಟೆ. ಮೂರು ಸತ್ತಿವೆ. ಫಂಗಸ್ ಅಂದುಕೊಂಡು ಮಿಥಿಲೀನ್ ಬ್ಲೂ ಹಾಕಿ ಹೀಟರ್ 30 ಡಿಗ್ರಿಗೆ ಇಟ್ಟಿದ್ದೇನೆ. ಕಡಿಮೆ ಆಗುತ್ತಿಲ್ಲ. ಗೊತ್ತಿದ್ದವರು ಹೇಳಿ.

ಕಾರವಾರದಿಂದ

ಮೊದಲು ಹೀಟರ್ ಇಳಿಸಿ, ಉಳಿದದ್ದು ಆಮೇಲೆ. ನೀವು ಹೇಳಿದ ಲಕ್ಷಣ ಕಾಲಮ್ನಾರಿಸ್‌ನದು. ಅದು ಫಂಗಸ್ ಅಲ್ಲ, ಫ್ಲೇವೋಬ್ಯಾಕ್ಟೀರಿಯಂ ಎಂಬ ಬ್ಯಾಕ್ಟೀರಿಯಾ. ಬೆಚ್ಚಗಿನ ನೀರಿನಲ್ಲಿ ಬೇಗ ಬೆಳೆಯುತ್ತದೆ. ರವೆ ಉದುರಿಸಿದ ಹಾಗೆ ಚುಕ್ಕೆ ಬರುವ ಇಚ್ ರೋಗಕ್ಕೆ ನೀರು ಬಿಸಿ ಮಾಡುವುದು ಸರಿ, ಅದು ಪರಾವಲಂಬಿ. ಅದೇ ಉಪಾಯ ಇಲ್ಲಿ ಮಾಡಿದರೆ ಒಂದೆರಡು ದಿನದಲ್ಲಿ ಟ್ಯಾಂಕೇ ಖಾಲಿಯಾದೀತು.

ಗುರುತಿಸಲು ಬದಿಯಿಂದ ಟಾರ್ಚ್ ಹಿಡಿದು ನೋಡಿ. ಫಂಗಸ್ ಆದರೆ ಉದ್ದುದ್ದ ಎಳೆಗಳು ನೀರಲ್ಲಿ ಎದ್ದು ನಿಂತಿರುತ್ತವೆ, ಸಾಮಾನ್ಯವಾಗಿ ಮೊದಲೇ ಗಾಯವಿದ್ದ ಜಾಗದಲ್ಲಿ. ಕಾಲಮ್ನಾರಿಸ್ ಚಪ್ಪಟೆಯಾಗಿ ಲೋಳೆಯಂತೆ ಅಂಟಿರುತ್ತದೆ. ಅಂಚು ಹಳದಿ ಇಲ್ಲವೇ ಬೂದು. ಬೆನ್ನಿನ ರೆಕ್ಕೆಯ ಬುಡದಲ್ಲಿ ಕುದುರೆಯ ಜೀನು ಹಾಕಿದಂತೆ ಪಟ್ಟೆ ಬಂದರೆ ಬಹುತೇಕ ಅದೇ. ಕೆಲವೇ ದಿನದಲ್ಲಿ ಎರಡು ಮೂರು ಮೀನಿಗೆ ಹರಡಿದ್ದೂ ಅದನ್ನೇ ಹೇಳುತ್ತದೆ.

ಮೂರ್ನಾಲ್ಕು ಗಂಟೆಗೆ ಒಂದೊಂದು ಡಿಗ್ರಿಯಂತೆ 24–25ಕ್ಕೆ ತನ್ನಿ, ಒಮ್ಮೆಲೇ ಬೇಡ. ಬೇಸಿಗೆಯಲ್ಲಿ ನಮ್ಮ ಕರಾವಳಿಯಲ್ಲಿ ಹೀಟರ್ ತೆಗೆದರೂ ನೀರು ಅಲ್ಲಿಗೆ ಇಳಿಯುವುದಿಲ್ಲ. ಗಾಳಿಯಲ್ಲೇ ತೇವ ಇರುವುದರಿಂದ ಫ್ಯಾನ್ ಬೀಸಿದರೂ ಹೆಚ್ಚು ತಣಿಯದು. ಆಗ ಏರ್ ಪಂಪ್ ಇನ್ನೊಂದು ಹಾಕಿ: ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ, ಕಿವಿರಿಗೆ ರೋಗ ತಗುಲಿದ್ದರೆ ಮೀನು ಉಸಿರುಗಟ್ಟಿಯೇ ಸಾಯುತ್ತದೆ.

ಶಿರಸಿಯಿಂದ

ಔಷಧಿಗಿಂತ ಮುಂಚೆ ನೀರು ಪರೀಕ್ಷೆ ಮಾಡಿ. ಮೀನಿನ ಕೊಳೆಯಿಂದ ನೀರಿಗೆ ಸೇರುವ ವಿಷಗಳಾದ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ಇರಬೇಕು. ಮಿಥಿಲೀನ್ ಬ್ಲೂ ಈ ವಿಷಗಳನ್ನು ಕಡಿಮೆ ಮಾಡುವ ಫಿಲ್ಟರಿನ ಒಳ್ಳೆಯ ಬ್ಯಾಕ್ಟೀರಿಯಾವನ್ನೂ ಕೊಲ್ಲುತ್ತದೆ, ಹಾಗಾಗಿ ನಿಮ್ಮಲ್ಲಿ ಈಗ ಅಮೋನಿಯಾ ಏರಿರುವ ಸಾಧ್ಯತೆ ಹೆಚ್ಚು. ಇವತ್ತೇ 40% ನೀರು ಬದಲಿಸಿ, ನಾಳೆ ಇನ್ನೊಂದು 30%. ನಲ್ಲಿ ನೀರಾದರೆ ಕ್ಲೋರಿನ್ ತೆಗೆದು ಹಾಕಿ.

ಘಟ್ಟದ ಮೇಲಿನವರಿಗೆ ಒಂದು ಮಾತು. ನಮ್ಮ ಜಂಬಿಟ್ಟಿಗೆ ನೆಲದ ಬಾವಿ ನೀರು ಬಹಳ ಮೆದು, ಪಿಎಚ್ ಹಿಡಿದು ನಿಲ್ಲಿಸುವ ಶಕ್ತಿ ಅದಕ್ಕಿಲ್ಲ. ವಾರಗಟ್ಟಲೆ ನೀರು ಬದಲಿಸದಿದ್ದರೆ ಪಿಎಚ್ ಕುಸಿಯುತ್ತದೆ, ಮೀನು ಸೊರಗುತ್ತದೆ, ರೆಕ್ಕೆ ಕೊಳೆಯಲು ಶುರುವಾಗುತ್ತದೆ. ಅಘನಾಶಿನಿ ನದಿಯ ಬಳಚಿನ (ಕಪ್ಪೆಚಿಪ್ಪಿನ ಜಾತಿ) ಚಿಪ್ಪನ್ನು ಕುದಿಸಿ, ಒಣಗಿಸಿ, ಪುಡಿ ಮಾಡಿ ಒಂದು ಹಿಡಿ ಬಲೆ ಚೀಲದಲ್ಲಿ ಫಿಲ್ಟರಿಗೆ ಇಟ್ಟರೆ ನಿಧಾನ ಸರಿಹೋಗುತ್ತದೆ. ಆದರೆ ಅಮೋನಿಯಾ ಇರುವಾಗ ಇಡಬೇಡಿ. ಪಿಎಚ್ ಏರಿದ ಹಾಗೆ ಅದೇ ಅಮೋನಿಯಾ ಹೆಚ್ಚು ವಿಷವಾಗುತ್ತದೆ. ಮೊದಲು ನೀರು ಬದಲು, ಆಮೇಲೆ ಚಿಪ್ಪು.

ಹೊನ್ನಾವರದಿಂದ

ರೋಗದ ಮೀನನ್ನು 20 ಲೀಟರಿನ ಟಬ್ಬಿಗೆ ಹಾಕಿ, ಏರ್ ಸ್ಟೋನ್ ಸಾಕು, ಮಣ್ಣು ಗಿಡ ಏನೂ ಬೇಡ. ಉಪ್ಪು ಲೀಟರಿಗೆ 3 ಗ್ರಾಂ, ಅಂದರೆ 60 ಗ್ರಾಂ. ಬೇರೆ ಪಾತ್ರೆಯಲ್ಲಿ ಕರಗಿಸಿ, ಮೂರು ಪಾಲು ಮಾಡಿ, ಒಂದು ದಿನದಲ್ಲಿ ಹಾಕಿ. ಮಾಲಿ, ಗಪ್ಪಿ ಇದನ್ನು ಸುಲಭವಾಗಿ ತಡೆದುಕೊಳ್ಳುತ್ತವೆ. ಕೋರಿಡೋರಸ್, ಲೋಚ್ ಜಾತಿಯ ಮೀನು ಇದ್ದವರು ಇಷ್ಟು ಹಾಕಬೇಡಿ. ಸಾಣಿಕಟ್ಟೆಯ ಕಲ್ಲುಪ್ಪು ಆಗುತ್ತದೆ, ಕರಗಿಸಿ ಕೆಸರು ತಳ ಕೂರುವವರೆಗೆ ಬಿಟ್ಟು ಮೇಲಿನ ತಿಳಿ ಮಾತ್ರ ಬಳಸಿ.

ಪೊಟ್ಯಾಸಿಯಂ ಪರ್ಮಾಂಗನೇಟ್ ಮೇಲ್ಮೈ ಸೋಂಕಿಗೆ ಒಳ್ಳೆಯದು, ಅಳತೆ ತಪ್ಪಿದರೆ ಮಾತ್ರ ಕಿವಿರು ಸುಡುತ್ತದೆ. ಚಿಟಿಕೆ ಲೆಕ್ಕ ಬೇಡವೇ ಬೇಡ. 1 ಗ್ರಾಂ ಪುಡಿಯನ್ನು 1 ಲೀಟರ್ ನೀರಲ್ಲಿ ಕರಗಿಸಿಟ್ಟು, ಟಬ್ಬಿನ ಲೀಟರಿಗೆ 2 ಮಿ.ಲೀ. ಹಾಕಿ: 20 ಲೀಟರಿಗೆ 40 ಮಿ.ಲೀ., 4 ಗಂಟೆ. ಮೀನು ಮೇಲೆ ಬಂದು ಬಾಯಿ ಬಿಡತೊಡಗಿದರೆ ತಕ್ಷಣ ಶುದ್ಧ ನೀರಿಗೆ. ಗಂಟೆಯೊಳಗೆ ಗುಲಾಬಿ ಬಣ್ಣ ಹೋಗಿ ಕಂದಾದರೆ ನೀರಲ್ಲಿ ಕೊಳೆ ಜಾಸ್ತಿ ಇತ್ತು, ಔಷಧಿ ಕೊಳೆಗೇ ಖರ್ಚಾಯಿತು ಎಂದರ್ಥ.

ಅಂಕೋಲಾದಿಂದ

ಒಂದೆರಡು ದಿನದಲ್ಲಿ ಉಪ್ಪಿಗೆ ಬಗ್ಗದಿದ್ದರೆ ಆಂಟಿಬಯಾಟಿಕ್ ಬೇಕು. ತಾಲೂಕು ಪಶು ಆಸ್ಪತ್ರೆಯ ವೈದ್ಯರಿಗೆ ಫೋಟೋ ತೋರಿಸಿ ಚೀಟಿ ಬರೆಸಿಕೊಳ್ಳಿ. ಸುಲಭವಾಗಿ ಸಿಗುವುದು ಆಕ್ಸಿಟೆಟ್ರಾಸೈಕ್ಲಿನ್. ಟಬ್ಬಿನಲ್ಲಿ ಲೀಟರಿಗೆ 20 ಮಿ.ಗ್ರಾಂನಿಂದ ಶುರು, 20 ಲೀಟರಿಗೆ 400 ಮಿ.ಗ್ರಾಂ. 6ರಿಂದ 12 ಗಂಟೆ ಇಟ್ಟು ಪೂರ್ತಿ ನೀರು ಬದಲಿಸಿ, ಮರುದಿನ ಹೊಸ ಡೋಸ್. ಹೀಗೆ 10 ದಿನ. ಐದನೇ ದಿನ ಮೀನು ಚುರುಕಾಯಿತೆಂದು ನಿಲ್ಲಿಸಿದರೆ ಉಳಿದ ಬ್ಯಾಕ್ಟೀರಿಯಾ ಔಷಧಿಗೆ ಬಗ್ಗದಂತೆ ಆಗಿ ಮತ್ತೆ ಬರುತ್ತದೆ.

ಈ ಔಷಧಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಜೊತೆ ಅಂಟಿಕೊಂಡು ನಿಷ್ಪ್ರಯೋಜಕವಾಗುತ್ತದೆ. ಶಿರಸಿಯ ಮೆದು ನೀರಿನಲ್ಲಿ ಚೆನ್ನಾಗಿ ಕೆಲಸ ಮಾಡುವ ಡೋಸ್ ಕರಾವಳಿಯ ಉಪ್ಪು, ಗಡಸು ಬಾವಿ ನೀರಿನಲ್ಲಿ ಸಾಲದೇ ಹೋಗುವುದು ಇದಕ್ಕೇ. ಅಂಥ ನೀರಿದ್ದವರು ವೈದ್ಯರಿಗೆ ಅದನ್ನು ಹೇಳಿ ಪ್ರಮಾಣ ಕೇಳಿ, ಇಲ್ಲವೇ ಸೋಸಿ ಹಿಡಿದಿಟ್ಟ ಮಳೆನೀರು ಅರ್ಧ ಬೆರೆಸಿ. ಮೇಲೆ ಹೇಳಿದ ಚಿಪ್ಪಿನ ಚೀಲ ಈ ಟಬ್ಬಿನಲ್ಲಿ ಬೇಡ. ಕಲ್ಲುಪ್ಪಿನಲ್ಲೂ ಮೆಗ್ನೀಸಿಯಂ ಇರುವುದರಿಂದ ಔಷಧಿ ನಡೆಯುವಾಗ ಅಡುಗೆಯ ಪುಡಿ ಉಪ್ಪೇ ಒಳ್ಳೆಯದು. ಅದರಲ್ಲಿರುವ ಅಯೋಡಿನ್ ಮೀನಿಗೆ ತೊಂದರೆ ಮಾಡುವಷ್ಟಿಲ್ಲ. ಬೆಳಕಿಗೂ ಔಷಧಿ ಹಾಳಾಗುತ್ತದೆ, ಟಬ್ಬಿಗೆ ಬಟ್ಟೆ ಮುಚ್ಚಿ. ಫಿಲ್ಟರಿನಲ್ಲಿ ಇದ್ದಿಲು ಇದ್ದರೆ ತೆಗೆಯಿರಿ, ಅದು ಔಷಧಿಯನ್ನೆಲ್ಲ ಹೀರಿಕೊಳ್ಳುತ್ತದೆ.

ಮೀನು ಇನ್ನೂ ತಿನ್ನುತ್ತಿದ್ದರೆ ಆಹಾರದಲ್ಲಿ ಕೊಡುವುದೇ ಮೇಲು, ಒಳಗಿನ ಸೋಂಕಿಗೆ ತಲುಪುತ್ತದೆ. 10 ಗ್ರಾಂ ಆಹಾರಕ್ಕೆ 50 ಮಿ.ಗ್ರಾಂ, ಜೆಲಟಿನ್‌ನಲ್ಲಿ ಕಲಸಿ ಫ್ರಿಜ್‌ನಲ್ಲಿಡಿ. ಹೊಟ್ಟೆ ಉಬ್ಬಿ ಹುರುಪೆ ಎದ್ದು ನಿಂತ ಮೀನಿಗೆ ಮಾತ್ರ ಯಾವುದೂ ಹೆಚ್ಚು ಫಲ ಕೊಡುವುದಿಲ್ಲ, ಮೂತ್ರಪಿಂಡ ಆಗಲೇ ಹೋಗಿರುತ್ತದೆ.

ಭಟ್ಕಳದಿಂದ

ಮಳೆಗಾಲದಲ್ಲಿ ಕರೆಂಟು ಹೋಗಿ ಫಿಲ್ಟರ್ ಆರೇಳು ಗಂಟೆ ನಿಂತರೆ ಸ್ಪಂಜನ್ನು ಟ್ಯಾಂಕಿನ ನೀರಲ್ಲೇ ಅದ್ದಿ ಹಿಂಡಿ ಮತ್ತೆ ಹಚ್ಚಿ, ಹಾಗೇ ಶುರು ಮಾಡಿದರೆ ಒಳಗೆ ಕೊಳೆತದ್ದು ಟ್ಯಾಂಕಿಗೆ ಬರುತ್ತದೆ. ಬ್ಯಾಟರಿ ಏರ್ ಪಂಪ್ ಒಂದು ಇಟ್ಟುಕೊಳ್ಳಿ. ಬೂಸ್ಟು ಹಿಡಿದ ಆಹಾರ ಹಾಕಬೇಡಿ.

ಕಾರವಾರದಿಂದ, ಮತ್ತೆ

ಬಿಟ್ಟುಹೋದದ್ದು: ಟಬ್ಬಿಗೆ ಬಳಸಿದ ಬಲೆ, ಪೈಪು ದೊಡ್ಡ ಟ್ಯಾಂಕಿಗೆ ಹಾಕಬೇಡಿ. ಕೈಯಲ್ಲಿ ಗಾಯವಿದ್ದರೆ ಗ್ಲೌಸ್ ಹಾಕಿ. ಮೀನಿನ ಮೈಕೋಬ್ಯಾಕ್ಟೀರಿಯಾ ಮನುಷ್ಯರ ಚರ್ಮಕ್ಕೂ ತಗುಲಿ ತಿಂಗಳುಗಟ್ಟಲೆ ವಾಸಿಯಾಗದ ಗಂಟು ಬರಿಸುತ್ತದೆ. ಆಂಟಿಬಯಾಟಿಕ್ ಹಾಕಿದ ನೀರನ್ನು ಬಾವಿಕಟ್ಟೆಯ ಹತ್ತಿರವಾಗಲಿ, ಹಳ್ಳಕ್ಕಾಗಲಿ ಚೆಲ್ಲಬೇಡಿ.

ಕುಮಟಾದಿಂದ

ಹೀಟರ್ ಇಳಿಸಲು ಶುರು ಮಾಡಿದೆ, ಈಗ 28. ಅಮೋನಿಯಾ 1 ಪಿಪಿಎಂ ತೋರಿಸುತ್ತಿದೆ. ನೀರು ಬದಲಿಸಿ ಎರಡು ಮಾಲಿ, ಆ ಗಪ್ಪಿಯನ್ನು ಟಬ್ಬಿಗೆ ಹಾಕುತ್ತಿದ್ದೇನೆ.