ಬೆಂಗಳೂರು–ಚೆನ್ನೈ ಆಫೀಸ್ ಓಡಾಟ: ವಿಮಾನ ಬಿಡಿಸೋದು ಹೇಗೆ?

ಟ್ರಾವೆಲ್ ಡೆಸ್ಕ್, ಜಯನಗರ
ಬಿಡಿಭಾಗ ತಯಾರಿಸುವ ಕಂಪನಿಯೊಂದರಲ್ಲಿ ಟಿಕೆಟ್, ಹೋಟೆಲ್ ಬುಕಿಂಗ್ ನನ್ನ ಕೆಲಸ. ಷೇರು ಮಾರುಕಟ್ಟೆ ನಿಯಂತ್ರಕ ಸೆಬಿಗೆ ಕೊಡುವ, ಕಂಪನಿಯ ಪರಿಸರ, ಸಾಮಾಜಿಕ ಜವಾಬ್ದಾರಿ ತೋರಿಸುವ ಬಿಆರ್‌ಎಸ್‌ಆರ್ ವರದಿಯಲ್ಲಿ ಈ ಸಲ ಸ್ಕೋಪ್ 3 ಲೆಕ್ಕವನ್ನೂ (ಸ್ವಂತ ಇಂಧನ, ಕೊಂಡ ವಿದ್ಯುತ್ ಬಿಟ್ಟು ಕಂಪನಿಗಾಗಿ ಬೇರೆ ಕಡೆ ಆಗುವ ಹೊಗೆಯ ಲೆಕ್ಕ) ತೋರಿಸೋಣ ಅಂದಿದ್ದಾರೆ. ಉದ್ಯೋಗಿಗಳ ಓಡಾಟ ಅದರಲ್ಲೇ ಬರುತ್ತೆ. ಪಟ್ಟಿ ತೆಗೆದರೆ ಮುಕ್ಕಾಲುಪಾಲು ಚೆನ್ನೈ ವಿಮಾನವೇ, ಅದೂ ಅಲ್ಲಿನ ಗಿಂಡಿ ಬಡಾವಣೆಯ ಒಬ್ಬರೇ ಗ್ರಾಹಕರಿಗಾಗಿ. ರೈಲಿನಲ್ಲಿ ಹೋಗಿ ಅಂತ ಮೇಲ್ ಹಾಕಿದ್ದಾಯಿತು, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಫೈನಾನ್ಸ್‌ನವರು ಕಾರ್ಬನ್ ಕ್ರೆಡಿಟ್ (ಬೇರೆಯವರು ತಗ್ಗಿಸಿದ ಹೊಗೆಗೆ ದುಡ್ಡು ಕೊಟ್ಟು ಪಡೆಯುವ ಪತ್ರ) ಕೊಂಡುಬಿಡೋಣ ಅಂತಾರೆ. ನನಗೆ ಮನಸ್ಸೊಪ್ಪುತ್ತಿಲ್ಲ. ಓಡಾಟವನ್ನೇ ಬದಲಿಸಿದವರು ಇದ್ದೀರಾ?

ಮಲ್ಲೇಶ್ವರದವ
ಮೇಡಂ, ಮೀಟಿಂಗ್ ಎಷ್ಟು ಗಂಟೆಗೆ?

ಟ್ರಾವೆಲ್ ಡೆಸ್ಕ್, ಜಯನಗರ
ಬೆಳಿಗ್ಗೆ ಹತ್ತಕ್ಕೆ. ನನಗೆ ಗೊತ್ತಾಗೋದು ಎರಡು ದಿನ ಮುಂಚೆ.

ಮಲ್ಲೇಶ್ವರದವ
ಗಂಟು ಇರೋದು ಅಲ್ಲೇ. ಬೆಳಿಗ್ಗೆ ಹೊರಟು ಹತ್ತಕ್ಕೆ ತಲುಪಬೇಕು ಅಂದಮೇಲೆ ವಿಮಾನ ಬಿಟ್ಟು ಗತಿಯಿಲ್ಲ. ನಾವು ಮೀಟಿಂಗನ್ನು ಒಂದೂವರೆಗೆ ಇಡಿಸಿಕೊಂಡೆವು. ಬೆಳಗಿನ ವಂದೇ ಭಾರತ್ ಹತ್ತಿದರೆ ಹನ್ನೆರಡೂವರೆ ಹೊತ್ತಿಗೆ ಚೆನ್ನೈ ಸೆಂಟ್ರಲ್. ಅಲ್ಲಿಂದ ಗಿಂಡಿಗೆ ನೇರ ಮೆಟ್ರೋ. ಸಂಜೆ ಐದರ ವಂದೇ ಭಾರತ್‌ನಲ್ಲಿ ವಾಪಸ್, ರಾತ್ರಿ ಊಟಕ್ಕೆ ಮನೆ. ವಾರದಲ್ಲಿ ಒಂದು ದಿನ ಓಡಲ್ಲ, ನೋಡಿಕೊಳ್ಳಿ. ವಿಮಾನ ಒಂದೇ ಗಂಟೆ ಅನ್ನುವವರಿಗೆ ಜಯನಗರದಿಂದ ದೇವನಹಳ್ಳಿಗೆ ಕ್ಯಾಬ್, ಸೆಕ್ಯುರಿಟಿ ಸಾಲು ಎಲ್ಲ ಕೂಡಿಸಿ ತೋರಿಸಿ. ಟಿಕೆಟ್ 60 ದಿನ ಮುಂಚೆ ತೆರೆಯುತ್ತೆ. ಎರಡು ದಿನದಲ್ಲಿ ಸೀಟು ಹುಡುಕಿದರೆ ವೇಟಿಂಗ್ ಲಿಸ್ಟೇ ಸಿಗೋದು.

ಪರಿಸರ ಲೆಕ್ಕಿಗ
ಕ್ರೆಡಿಟ್ ಕೊಂಡರೂ ನಿಮ್ಮ ಸ್ಕೋಪ್ 3 ಅಂಕಿ ಇಳಿಯಲ್ಲ. ಜಿಎಚ್‌ಜಿ ಪ್ರೋಟೋಕಾಲ್ (ಹೊಗೆ ಲೆಕ್ಕದ ಅಂತರರಾಷ್ಟ್ರೀಯ ನಿಯಮಾವಳಿ) ಪ್ರಕಾರ ಅದನ್ನು ಬೇರೆಯಾಗಿಯೇ ತೋರಿಸಬೇಕು. ಇಷ್ಟು ಹತ್ತಿರದ ಹಾರಾಟದಲ್ಲಿ ಮೇಲೇರುವುದಕ್ಕೇ ಇಂಧನದ ದೊಡ್ಡ ಪಾಲು ಹೋಗುತ್ತೆ, ಹಾಗಾಗಿ ಪ್ರತಿ ಕಿಲೋಮೀಟರ್‌ಗೆ ಹೊಗೆ ಹೆಚ್ಚು. ವಿದೇಶಕ್ಕೆ ಹೋಗುವವರಿದ್ದರೆ ಬಿಸಿನೆಸ್ ಕ್ಲಾಸ್ ಕಡೆಗೂ ಗಮನ ಕೊಡಿ: ದೂರದ ಹಾರಾಟದಲ್ಲಿ ಒಂದು ಸೀಟು ಹಿಡಿಯುವ ಜಾಗದ ಲೆಕ್ಕದಲ್ಲಿ ಹೊಗೆ ಎಕಾನಮಿಯ ಹತ್ತಿರ ಹತ್ತಿರ ಮೂರು ಪಟ್ಟು ಬೀಳುತ್ತೆ.

ಎಚ್‌ಆರ್ ಹುಬ್ಬಳ್ಳಿ
ರೈಲಿನಲ್ಲಿ ಕೂತ ಹೊತ್ತನ್ನೂ ಡ್ಯೂಟಿ ಅಂತ ಪಾಲಿಸಿಯಲ್ಲಿ ಬರೆಸ್ರಿ ಅಕ್ಕಾರ. ವಿಮಾನ ಸಿಗೋ ಗ್ರೇಡಿನವರಿಗೆ ವಂದೇ ಭಾರತದಾಗಿನ ಮೇಲ್ದರ್ಜೆ ಸೀಟು, ಎಕ್ಸಿಕ್ಯುಟಿವ್ ಚೇರ್ ಕಾರ್ ಕೊಡಸ್ರಿ. ಮೊದಲು ಮ್ಯಾನೇಜರೇ ಹೋಗಲಿ, ಉಳಿದವರು ಹಿಂದಿಂದ ಬರ್ತಾರ.

ಟ್ರಾವೆಲ್ ಡೆಸ್ಕ್, ಜಯನಗರ
ಎಲ್ಲರಿಗೂ ಧನ್ಯವಾದ. ಸೇಲ್ಸ್ ಹೆಡ್ ಹತ್ತಿರ ಮುಂದಿನ ಮೂರು ತಿಂಗಳ ಮೀಟಿಂಗ್ ದಿನಾಂಕ ಈಗಲೇ ಕೇಳ್ತೀನಿ. ಕ್ರೆಡಿಟ್ ವಿಷಯ ಫೈನಾನ್ಸ್‌ಗೆ ಇವತ್ತೇ ಕಳಿಸ್ತೀನಿ. ಎಚ್‌ಆರ್ ಸರ್, ಆ ಡ್ಯೂಟಿ ಸಾಲು ನಿಮ್ಮ ಪಾಲಿಸಿಯಲ್ಲಿ ಹೇಗೆ ಬರೆದಿದೆ, ಹಾಗೇ ಹಾಕ್ತೀರಾ?