ದೊಡ್ಡಪ್ಪನ ರೇಡಿಯೇಶನ್ ಕುರಿತು ಮನೆಯವರೆಲ್ಲರಿಗೂ

ಎಲ್ಲರಿಗೂ ನಮಸ್ಕಾರ. ಸಕಲೇಶಪುರದಿಂದ ಅಣ್ಣ ನಿನ್ನೆ ರಾತ್ರಿ ಹಾಕಿದ ಸಂದೇಶವನ್ನೂ ಅದರ ಕೆಳಗೆ ನೀವೆಲ್ಲ ಹೇಳಿದ್ದನ್ನೂ ಕೇಳಿದೆ. ದೊಡ್ಡಪ್ಪನ ಬಲ ಶ್ವಾಸಕೋಶದ ಮೇಲಿನ ಭಾಗವನ್ನು ತೆಗೆದು ಎರಡು ವರ್ಷವಾದ ಮೇಲೆ ಈಗ ಎದೆಯ ನಡುವಿನ ಗ್ರಂಥಿಯಲ್ಲಿ ಅದೇ ಕ್ಯಾನ್ಸರ್ ಮರಳಿದೆ. ಬೆಂಗಳೂರಿನ ವೈದ್ಯರು ಕೀಮೋ ಜೊತೆಗೆ 30 ಸಲ ರೇಡಿಯೇಶನ್ ಆಗಬೇಕೆಂದಿದ್ದಾರೆ. ದೊಡ್ಡಪ್ಪ ಕಾಫಿ ಕೊಯ್ಲು ಮುಗಿಯಲಿ ಎನ್ನುತ್ತಿದ್ದಾರೆ, ಅತ್ತೆ ಈ ವಯಸ್ಸಿನಲ್ಲಿ ಕರೆಂಟು (ರೇಡಿಯೇಶನ್‌ಗೆ ಊರಿನ ಮಾತು) ಕೊಡಿಸುವುದೇ ಬೇಡ ಎನ್ನುತ್ತಿದ್ದಾರೆ. ನಾನು ರೇಡಿಯೇಶನ್ ವಿಭಾಗದಲ್ಲೇ ಕೆಲಸ ಮಾಡುವವಳಾದ್ದರಿಂದ ತಿಳಿದಷ್ಟನ್ನು ಹೇಳುತ್ತೇನೆ. ಸಂದೇಶ ಉದ್ದವಾಗುತ್ತದೆ, ಅಜ್ಜಿಗೂ ಕೇಳಿಸಿ.

ಆಪರೇಶನ್ ಸರಿಯಾಗಲಿಲ್ಲ ಎಂಬ ಮಾತನ್ನು ದಯವಿಟ್ಟು ಬಿಡೋಣ. ಸ್ಕ್ಯಾನಿಗೂ ಸಿಕ್ಕದಷ್ಟು ಸಣ್ಣ ಜೀವಕೋಶಗಳು ಆಗಲೇ ಗ್ರಂಥಿಯನ್ನು ಸೇರಿದ್ದರೆ ಎಂಥ ಶಸ್ತ್ರವೈದ್ಯರಿಗೂ ಅವು ಕಾಣುವುದಿಲ್ಲ. ಆಗಲೇ ರೇಡಿಯೇಶನ್ ಏಕೆ ಕೊಡಲಿಲ್ಲ ಎಂದು ಚಿಕ್ಕಮಗಳೂರಿನ ಭಾವ ಕೇಳಿದ್ದು ನ್ಯಾಯವಾದ ಪ್ರಶ್ನೆಯೇ. ಯುರೋಪಿನಲ್ಲಿ ಲಂಗ್ ಆರ್ಟ್ ಎಂಬ ಅಧ್ಯಯನವನ್ನು, ಎದೆಯ ನಡುವಿನ ಗ್ರಂಥಿಗೂ ಹರಡಿದ್ದ ಗೆಡ್ಡೆಯನ್ನು ಪೂರ್ತಿ ತೆಗೆಸಿಕೊಂಡಿದ್ದ 501 ಜನರಲ್ಲಿ ನಡೆಸಿದ್ದರು. ಮೂರು ವರ್ಷಗಳ ಹೊತ್ತಿಗೆ ಕಾಯಿಲೆ ಮರಳದೆ ಬದುಕಿದ್ದವರು ರೇಡಿಯೇಶನ್ ಪಡೆದವರಲ್ಲಿ ನೂರಕ್ಕೆ 47, ಪಡೆಯದವರಲ್ಲಿ 44. ಅಷ್ಟು ಸಣ್ಣ ಅಂತರಕ್ಕೆ ಹೃದಯ ಮತ್ತು ಶ್ವಾಸಕೋಶದ ತೊಂದರೆಗಳು ಹೆಚ್ಚಾದವು. ಆದ್ದರಿಂದ ಪೂರ್ತಿ ತೆಗೆದ ಮೇಲೆ ಎಲ್ಲರಿಗೂ ಮುಂಚಿತವಾಗಿ ಕೊಡುವ ರೂಢಿ ಇಲ್ಲ.

ಈಗ ನಾವು ಕೇಳಬೇಕಾದದ್ದು ದೊಡ್ಡಪ್ಪನ ವಯಸ್ಸೆಷ್ಟು ಎಂದಲ್ಲ, ಕಾಯಿಲೆ ಆ ಗ್ರಂಥಿಯೊಂದರಲ್ಲೇ ಇದೆಯೇ ಎಂದು. ಪೆಟ್ ಸ್ಕ್ಯಾನ್ ಮತ್ತು ಮೆದುಳಿನ ಎಂಆರ್‌ಐ ಮಾಡಿಸಿದ ಮೇಲೂ ಬೇರೆಲ್ಲೂ ಕಾಣದಿದ್ದರೆ, ದಿನಕ್ಕೆ 2 ಗ್ರೇಯಂತೆ (ಗ್ರೇ ಎಂದರೆ ವಿಕಿರಣದ ಪ್ರಮಾಣ ಅಳೆಯುವ ಮಾನ) ಒಟ್ಟು 60 ಗ್ರೇ ಕೊಡುವುದು ಗುಣಪಡಿಸುವ ಉದ್ದೇಶದಿಂದಲೇ. ಬೇರೆ ಕಡೆಗೂ ಹರಡಿದ್ದರೆ ಲೆಕ್ಕ ಬದಲಾಗುತ್ತದೆ: ಆಗ ಔಷಧಿಯೇ ಮುಖ್ಯ, ರೇಡಿಯೇಶನ್ ಕೆಮ್ಮಿನಲ್ಲಿ ಬರುವ ರಕ್ತ ನಿಲ್ಲಿಸಲು ಅಥವಾ ನೋವು ತಗ್ಗಿಸಲು ಕೆಲವೇ ದಿನಗಳಿಗೆ ಮುಗಿಯುತ್ತದೆ. ಅಣ್ಣ, ಯಾವ ಉದ್ದೇಶಕ್ಕೆ ಕೊಡುತ್ತಿದ್ದೀರಿ ಎಂದು ವೈದ್ಯರನ್ನು ನೇರವಾಗಿ ಕೇಳು; ಸಂಕೋಚ ಬೇಡ. ಮಿಕ್ಕಂತೆ ಅವರು ನೋಡುವುದು ಉಸಿರಾಟದ ಪರೀಕ್ಷೆಯನ್ನೂ ನಡೆದಾಡುವ ಶಕ್ತಿಯನ್ನೂ. ತೋಟದ ಏರನ್ನು ಇಂದಿಗೂ ಹತ್ತಿಳಿಯುವ ದೊಡ್ಡಪ್ಪನನ್ನು ವಯಸ್ಸಿನ ನೆಪದಲ್ಲಿ ಮನೆಯಲ್ಲಿ ಕೂರಿಸುವುದು ನನಗೆ ಸರಿ ಕಾಣುವುದಿಲ್ಲ.

ಕೊಯ್ಲಿನ ವಿಷಯದಲ್ಲಿ ನಾನು ಸ್ವಲ್ಪ ಕಟುವಾಗಿಯೇ ಹೇಳುತ್ತೇನೆ. ಕಾಫಿ ಹಣ್ಣು ಉದುರಿದರೆ ಈ ವರ್ಷದ ನಷ್ಟ. ಕೊಯ್ಲು, ಒಣಗಿಸುವುದು ಎಂದು ಎರಡು ಮೂರು ತಿಂಗಳು ಕಾದರೆ ಇಂದು ಒಂದೇ ಗ್ರಂಥಿಯಲ್ಲಿರುವುದು ಅಲ್ಲೇ ಇರುತ್ತದೆಂಬ ಭರವಸೆಯಿಲ್ಲ. ಶುರು ಮಾಡಿದ ಮೇಲೂ ನಡುವೆ ಬಿಡುವಂತಿಲ್ಲ, ಏಕೆಂದರೆ ಬಿಟ್ಟ ದಿನಗಳಲ್ಲಿ ಉಳಿದ ಕ್ಯಾನ್ಸರ್ ಕೋಶಗಳು ಮತ್ತೆ ಬೆಳೆಯುತ್ತವೆ. ಶನಿವಾರ, ಭಾನುವಾರದ ರಜೆ ಮೊದಲೇ ಲೆಕ್ಕದಲ್ಲಿರುತ್ತದೆ, ಕೂಲಿ ಬಟವಾಡೆಯ ದಿನ ಇರುವುದಿಲ್ಲ. ಆ ಆರು ವಾರ ಆಸ್ಪತ್ರೆಯ ಹತ್ತಿರವೇ ಕೋಣೆ ಹಿಡಿಯಿರಿ.

ಚಿಕಿತ್ಸೆಯ ಹೊತ್ತಿನಲ್ಲಿ ನೋವಿರುವುದಿಲ್ಲ. ಎದ್ದು ಬಂದ ಮೇಲೆ ಮೈಯಲ್ಲಿ ವಿಕಿರಣ ಉಳಿಯುವುದೂ ಇಲ್ಲ, ಮೊಮ್ಮಕ್ಕಳನ್ನು ಧಾರಾಳವಾಗಿ ಎತ್ತಿಕೊಳ್ಳಬಹುದು. ಸುಮಾರು ಮೂರನೆಯ ವಾರದಿಂದ ಅನ್ನನಾಳ ಉರಿದು ನುಂಗುವುದು ಕಷ್ಟವಾಗುತ್ತದೆ. ಆಗ ಅಕ್ಕಿರೊಟ್ಟಿ, ಖಾರದ ಚಟ್ನಿ ಬಿಟ್ಟು ಗಂಜಿ, ರಾಗಿ ಅಂಬಲಿ, ಮೆತ್ತಗಿನ ಅನ್ನ ಕೊಡಿ. ಕಾಫಿಯನ್ನು ಆರಿಸಿ ಕುಡಿಯಲಿ, ಬೀಡಿಯನ್ನು ಪೂರ್ತಿ ಬಿಡಲಿ. ನಾಟಿ ಔಷಧವನ್ನು ವೈದ್ಯರಿಗೆ ತಿಳಿಸದೆ ಜೊತೆಯಲ್ಲಿ ಕೊಡಬೇಡಿ.

ನನಗೆ ಹೆಚ್ಚು ಆತಂಕವಿರುವುದು ಅವರು ಊರಿಗೆ ಮರಳಿದ ಮೇಲಿನ ದಿನಗಳ ಬಗ್ಗೆ. ರೇಡಿಯೇಶನ್ ಮುಗಿದ ಒಂದರಿಂದ ಆರು ತಿಂಗಳೊಳಗೆ ಕೆಲವರಿಗೆ ಶ್ವಾಸಕೋಶದಲ್ಲಿ ನ್ಯೂಮೊನೈಟಿಸ್ ಎಂಬ ಉರಿಯೂತ ಬರುತ್ತದೆ. ಒಣಕೆಮ್ಮು, ಸಣ್ಣ ಜ್ವರ, ಮೆಟ್ಟಿಲು ಹತ್ತಿದರೆ ಏದುಸಿರು. ನೋಡಿದವರಿಗೆ ಸೋಂಕು ಅನ್ನಿಸುತ್ತದೆ, ಎಕ್ಸ್‌ರೇ ಕಂಡವರಿಗೆ ಟಿಬಿಯೋ ಎಂಬ ಅನುಮಾನವೂ ಬರಬಹುದು. ಅದು ಸೋಂಕಲ್ಲವಾದ್ದರಿಂದ ಆಂಟಿಬಯೋಟಿಕ್‌ನಿಂದ ಇಳಿಯುವುದಿಲ್ಲ, ಸ್ಟೆರಾಯ್ಡ್ ಬೇಕಾಗುತ್ತದೆ, ಅದನ್ನೂ ವಾರಗಟ್ಟಲೆ ನಿಧಾನವಾಗಿ ಇಳಿಸಬೇಕು. ಹಾಗಾಗಿ ಹಾಸನದಲ್ಲಿ ಯಾವ ವೈದ್ಯರಿಗೆ ತೋರಿಸಿದರೂ ರೇಡಿಯೇಶನ್ ಎಲ್ಲಿಗೆ, ಎಷ್ಟು, ಯಾವಾಗ ಆಯಿತೆಂಬ ಚೀಟಿಯನ್ನು ಮೊದಲು ಮುಂದಿಡಿ, ಬೆಂಗಳೂರಿಗೂ ಅದೇ ದಿನ ಫೋನ್ ಮಾಡಿ.

ಸೋಮವಾರ ಹೋಗುವಾಗ ಹಳೆಯ ಆಪರೇಶನ್ನಿನ ಬಯಾಪ್ಸಿ ವರದಿ ಮತ್ತು ಬ್ಲಾಕ್ (ಗೆಡ್ಡೆಯ ತುಣುಕನ್ನು ಮೇಣದಲ್ಲಿ ಕೂಡಿಸಿಟ್ಟದ್ದು), ಎಲ್ಲ ಸ್ಕ್ಯಾನ್ ಸಿಡಿಗಳು, ಆಧಾರ್, ಬಿಪಿಎಲ್ ಕಾರ್ಡ್ ಒಯ್ಯಿರಿ. ಆಯುಷ್ಮಾನ್ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ಇಜಿಎಫ್‌ಆರ್, ಎಎಲ್‌ಕೆ ಎಂಬ ಜೀನ್‌ಗಳು ಗೆಡ್ಡೆಯಲ್ಲಿ ಬದಲಾಗಿವೆಯೇ ಎಂದು ನೋಡುವ ಪರೀಕ್ಷೆ ಆಗಿದೆಯೇ ಎಂದೂ ಕೇಳಿ. ಮುಂದಿನ ಔಷಧಿ ಯಾವುದೆಂಬುದು ಅದರ ಮೇಲೂ ನಿಂತಿದೆ.