ದಿನಾ ಒಂದೇ ಥರ ಅನ್ನಿಸಿದಾಗ ನೀವು ಏನು ಮಾಡುತ್ತೀರಿ?

ಕೇಳಿದವರು: ಕಾರವಾರದಿಂದ

ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆ ಕಡೆಯವಳು. ವರ್ಗವಾಗಿ ಕಾರವಾರಕ್ಕೆ ಬಂದು ಎಂಟು ತಿಂಗಳಾಯಿತು. ಬೆಳಿಗ್ಗೆ ಕಚೇರಿ, ಸಂಜೆ ಬಾಡಿಗೆ ಕೋಣೆ, ರಾತ್ರಿ ಮೊಬೈಲ್. ಇಷ್ಟು ಚೆಂದದ ಊರಲ್ಲಿದ್ದೂ ಕಣ್ಣಿಗೆ ಏನೂ ಬೀಳುತ್ತಿಲ್ಲ. ಮನಸ್ಸು ಮಂಕಾಗಿದೆ. ಬೆಳಿಗ್ಗೆ ಏಳುವುದಕ್ಕೆ ಒಂದು ಆಸೆ ಬೇಕು. ಜೊತೆಗೆ ಇನ್ನೊಬ್ಬರಿಗೂ ಅದರಿಂದ ಸ್ವಲ್ಪ ಉಪಯೋಗವಾದರೆ ಒಳ್ಳೆಯದು. ದೊಡ್ಡ ಸೇವೆ ಮಾಡುವಷ್ಟು ಹಣವಿಲ್ಲ, ಪುರುಸೊತ್ತೂ ಇಲ್ಲ. ನೀವು ನಿಜವಾಗಿ ಮಾಡಿ ನೋಡಿದ್ದನ್ನು ಹೇಳಿ. ಉಪದೇಶ ಬೇಡ, ದಯವಿಟ್ಟು.

ಕಾರವಾರ, ಕೋಡಿಬಾಗದಿಂದ

ತಂಗಿ, ಬೆಳಿಗ್ಗೆ ಟ್ಯಾಗೋರ್ ಕಡಲತೀರಕ್ಕೆ ಬನ್ನಿ. ಏಂಡಿ ಬಲೆ ಎಳೆಯುವ ದಿನ ಬನ್ನಿ. ದೋಣಿಯಲ್ಲಿ ಹೋಗಿ ಬಲೆಯನ್ನು ಅರ್ಧಚಂದ್ರದ ಹಾಗೆ ಬಿಟ್ಟು ಬರುತ್ತಾರೆ. ಎರಡೂ ತುದಿಯ ಹಗ್ಗ ದಡದಲ್ಲಿರುತ್ತದೆ. ಎರಡು ಸಾಲು ಜನ ನಿಂತು ಎಳೆಯುತ್ತಾರೆ.

ನಿವೃತ್ತನಾದ ಮೇಲೆ ನಾನು ವಾಕಿಂಗ್‌ಗೆ ಅಂತ ಅಲ್ಲಿಗೆ ಹೋಗುತ್ತಿದ್ದೆ. ಕೈ ಕಟ್ಟಿ ನೋಡುತ್ತಾ ನಿಲ್ಲುತ್ತಿದ್ದೆ. ಒಂದು ದಿನ ಒಬ್ಬರು ಅಜ್ಜ, "ನೋಡ್ತಾ ನಿಂತ್ರೆ ಬಲೆ ಬತ್ತದಾ? ಹಿಡ್ಕಳಿ" ಅಂದರು. ಹಿಡಿದೆ. ಒದ್ದೆ ಹಗ್ಗ ಉಜ್ಜಿ ಅಂಗೈ ಉರಿಯಿತು. ಹಿಂದೆ ಹಿಂದೆ ಹೆಜ್ಜೆ ಇಡಬೇಕು, ಹಿಮ್ಮಡಿ ಮರಳಲ್ಲಿ ಹೂತುಕೊಳ್ಳುತ್ತದೆ. ಸಾಲಿನ ಕೊನೆ ಮುಟ್ಟಿದವರು ಹಗ್ಗ ಬಿಟ್ಟು ಮತ್ತೆ ನೀರಿನ ಹತ್ತಿರ ಹೋಗಿ ಹಿಡಿಯುತ್ತಾರೆ. ಬಲೆ ಹತ್ತಿರ ಬಂದಾಗ ನೀರು ಕುದಿಯುತ್ತಿದೆ ಅನ್ನಿಸುತ್ತದೆ. ಅದೆಲ್ಲ ಮೀನು. ಸೂರ್ಯ ಗುಡ್ಡದ ಮೇಲೆ ಬರುವ ಹೊತ್ತಿಗೆ ಅದರ ಮೇಲೆ ಬೆಳಕು ಬಿದ್ದರೆ ಒಂದು ಕ್ಷಣ ಯಾರೂ ಮಾತಾಡುವುದಿಲ್ಲ. ಕೆಲವು ದಿನ ತಾರ್ಲೆ, ಬಂಗಡೆ. ಕೆಲವು ದಿನ ಬರೀ ಕಸ. ಸಿಕ್ಕಿದ್ದರಲ್ಲಿ ಎಳೆದವರ ಕೈಗೂ ನಾಲ್ಕು ಮೀನು ಹಾಕುತ್ತಾರೆ.

ಬಲೆಗೆ ಬಂದ ಪ್ಲಾಸ್ಟಿಕ್ ಮತ್ತೆ ನೀರಿಗೆ ಹೋಗದ ಹಾಗೆ ಆರಿಸಿ ಚೀಲಕ್ಕೆ ತುಂಬುವುದು ಈಗ ನನ್ನ ಕೆಲಸ. ಯಾರೂ ವಹಿಸಿದ್ದಲ್ಲ. ಒಂದು ದಿನ ಹೋಗದಿದ್ದರೆ ಮಾರನೇ ದಿನ "ಎಲ್ಲಿ ಹೋಗಿದ್ರಿ?" ಅಂತ ಕೇಳುತ್ತಾರೆ. ಆ ಒಂದು ಮಾತು ಕೇಳುವುದಕ್ಕೇ ಏಳುತ್ತೇನೆ ಅಂದರೂ ತಪ್ಪಿಲ್ಲ.

2024ರ ಆಗಸ್ಟ್ 7ರ ಮಧ್ಯರಾತ್ರಿ ಕಾಳಿ ನದಿಯ ಹಳೇ ಸೇತುವೆ ಕುಸಿಯಿತಲ್ಲ, ಆಗ ಲಾರಿ ಸಮೇತ ನೀರಿಗೆ ಬಿದ್ದ ಚಾಲಕನನ್ನು ಮೇಲೆತ್ತಿದ್ದು ನಮ್ಮ ಮೀನುಗಾರರು ಮತ್ತು ಪೊಲೀಸರು. ಅಂಥ ಜನರ ಪಕ್ಕ ನಿಂತು ಹಗ್ಗ ಹಿಡಿಯುವುದು ನನಗೆ ಹೆಮ್ಮೆ.

ಶಿರಸಿ ಹತ್ತಿರದ ಹಳ್ಳಿಯಿಂದ

ನನ್ನದು ಬೀಜದ ಕೆಲಸ. ಬೇಸಿಗೆಯಲ್ಲಿ ನಮ್ಮಲ್ಲಿ ಮುರುಗಲು, ಅಂದರೆ ಕೋಕಂ, ಹಣ್ಣಾಗುತ್ತದೆ. ಸಿಪ್ಪೆ ಒಣಗಿಸಿ ಸಾರಿಗೆ, ಪಾನಕಕ್ಕೆ ಇಟ್ಟುಕೊಳ್ಳುತ್ತೇವೆ. ಮೊದಲೆಲ್ಲ ಬೀಜದಿಂದ ಮುರುಗಲು ತುಪ್ಪ ತೆಗೆದು ಒಡೆದ ಹಿಮ್ಮಡಿಗೆ ಹಚ್ಚುತ್ತಿದ್ದರು. ಈಗ ಹೆಚ್ಚಿನ ಮನೆಗಳಲ್ಲಿ ಬೀಜ ತಿಪ್ಪೆಗೆ ಹೋಗುತ್ತದೆ. ಅದನ್ನು ನೋಡಿ ಹೊಟ್ಟೆ ಉರಿಯುತ್ತಿತ್ತು. ಹಲಸಿನ ಬೀಜದ ಕಥೆಯೂ ಅದೇ.

ಮೊದಲ ವರ್ಷ ಬೀಜವನ್ನೂ ಸಿಪ್ಪೆಯ ಜೊತೆ ಬಿಸಿಲಿಗೆ ಹಾಕಿದೆ. ಒಂದೂ ಹುಟ್ಟಲಿಲ್ಲ. ಪಕ್ಕದ ಮನೆ ಆಯಿ ಹೇಳಿದ ಮೇಲೆ ಗೊತ್ತಾಯಿತು: ಬೀಜ ತೊಳೆದು ನೆರಳಲ್ಲಿ ಆರಿಸಿ ಕೂಡಲೇ ಮಣ್ಣಿಗೆ ಹಾಕಬೇಕು. ಒಣಗಿದರೆ ಸತ್ತ ಹಾಗೆ. ಮುಂದಿನ ವರ್ಷಕ್ಕೆ ಅಂತ ಡಬ್ಬಿಯಲ್ಲಿ ಇಟ್ಟರೂ ಅಷ್ಟೇ. ಈಗ ಹಾಲಿನ ಖಾಲಿ ಕೊಟ್ಟೆಗೆ ಮಣ್ಣು, ಸಗಣಿ ಗೊಬ್ಬರ ತುಂಬಿ ಹಾಕುತ್ತೇನೆ. ಮುರುಗಲು ಹುಟ್ಟುವುದು ಬಹಳ ನಿಧಾನ. ಬೆಳಿಗ್ಗೆ ಎದ್ದು ಮೊದಲು ಆ ಕೊಟ್ಟೆಗಳ ಹತ್ತಿರ ಹೋಗಿ ಕೂರುತ್ತೇನೆ. ಮಣ್ಣು ಕೂದಲೆಳೆಯಷ್ಟು ಬಿರಿದಿದ್ದು ಕಂಡರೆ ಆ ದಿನ ಪೂರ್ತಿ ಖುಷಿ. ಹೊಸ ಎಲೆಯ ಕೆಂಪು ನೋಡಬೇಕು ನೀವು, ಹೇಳುವುದಕ್ಕೆ ಬರುವುದಿಲ್ಲ.

ಬೀಜದಿಂದ ಬಂದ ಮುರುಗಲಲ್ಲಿ ಹೆಚ್ಚುಕಡಿಮೆ ಅರ್ಧ ಗಂಡು ಗಿಡ. ಅವು ಕಾಯಿ ಬಿಡುವುದಿಲ್ಲ. ಇರಲಿ, ನೆರಳಾದರೂ ಆಯಿತಲ್ಲ.

ಮನೆಗೆ ಬಂದವರಿಗೆ ಆಸರಿಗೆ ಬೆಲ್ಲ-ನೀರು ಕೊಡುವುದು ನಮ್ಮ ಕಡೆಯ ರೂಢಿ. ನಮ್ಮ ಮನೆಗೆ ಬಂದವರಿಗೆ ಈಗ ಹೋಗುವಾಗ ಕೈಗೊಂದು ಗಿಡವೂ ಸಿಗುತ್ತದೆ. ಮಳೆಗಾಲದಲ್ಲಿ ಪೋಸ್ಟ್ ತರುವವರೂ ಮೂರು ಒಯ್ದಿದ್ದಾರೆ.

ನಮ್ಮ ಕಡೆ ಇದು ಹೊಸದೇನಲ್ಲ. 1983ರ ಸೆಪ್ಟೆಂಬರ್ 8ರಂದು ಸಾಲ್ಕಣಿಯ ಜನ ಕಾಡಿಗೆ ಹೋಗಿ ಮರ ಅಪ್ಪಿಕೊಂಡು ಕೊಡಲಿ ತಡೆದರು, ಅದೇ ಅಪ್ಪಿಕೊ ಚಳವಳಿ. ಅಂಕೋಲಾ ತಾಲ್ಲೂಕಿನ ಹೊನ್ನಳ್ಳಿಯ ತುಳಸಿ ಗೌಡರು ಅರಣ್ಯ ಇಲಾಖೆಯ ನರ್ಸರಿಗೆ ದಿನಗೂಲಿಗೆ ಸೇರಿದವರು. ಯಾವ ಮರದ ಬೀಜವನ್ನು ಯಾವಾಗ ಆರಿಸಬೇಕು ಅನ್ನುವುದು ಅವರ ಕೈಗೇ ಗೊತ್ತಿತ್ತು. 2021ರಲ್ಲಿ ರಾಷ್ಟ್ರಪತಿ ಭವನಕ್ಕೆ ಬರಿಗಾಲಲ್ಲೇ ಹೋಗಿ ಪದ್ಮಶ್ರೀ ತೆಗೆದುಕೊಂಡರು. 2024ರ ಡಿಸೆಂಬರ್‌ನಲ್ಲಿ ತೀರಿಹೋದರು. ಆ ಸುದ್ದಿ ಬಂದ ದಿನ ನಾನು ಇದ್ದಬದ್ದ ಕೊಟ್ಟೆಗಳಿಗೆಲ್ಲ ನೀರು ಹಾಕಿ ಸುಮ್ನೆ ಕೂತಿದ್ದೆ.

ನಿಮ್ಮ ಬಾಡಿಗೆ ಕೋಣೆಯ ಕಿಟಕಿಯಲ್ಲಿ ನಾಲ್ಕು ಕೊಟ್ಟೆ ಇಡಬಹುದು. ಬೇಕಾದರೆ ಬೀಜ ಕಳಿಸುತ್ತೇನೆ.

ಯಲ್ಲಾಪುರದಿಂದ

ನಾನು ಏನೂ ಮಾಡುವುದಿಲ್ಲ. ಕೆಲಸಕ್ಕೆ ಅಂಕೋಲಾಕ್ಕೆ ಹೋಗಿಬರುವಾಗ ಅರಬೈಲ್ ಘಟ್ಟದಲ್ಲಿ ಮೊಬೈಲ್ ಹೊರಗೆ ತೆಗೆಯುವುದಿಲ್ಲ, ಅಷ್ಟೇ. ಎರಡನೇ ವಾರ ಮಂಗಟ್ಟೆ ಹಕ್ಕಿ ಕಂಡಿತು. ಅದು ರೆಕ್ಕೆ ಬಡಿಯುವ ಸದ್ದು ಬಸ್ಸಿನ ಒಳಗೂ ಕೇಳಿಸಿತು.

ಕುಮಟಾದಿಂದ

ರಕ್ತ ಕೊಡಿ. 18 ವರ್ಷದಿಂದ 65ರವರೆಗೆ, ತೂಕ 45 ಕಿಲೋಗಿಂತ ಕಡಿಮೆ ಇಲ್ಲದೆ ಆರೋಗ್ಯವಾಗಿದ್ದರೆ ಕೊಡಬಹುದು. ಗಂಡಸರು ಮೂರು ತಿಂಗಳಿಗೊಮ್ಮೆ, ಹೆಂಗಸರು ನಾಲ್ಕು ತಿಂಗಳಿಗೊಮ್ಮೆ. ಹಿಮೋಗ್ಲೋಬಿನ್ ಅಲ್ಲೇ ನೋಡಿ ಹೇಳುತ್ತಾರೆ.

ನಮ್ಮ ಜಿಲ್ಲೆಗೆ ದೊಡ್ಡ ಆಸ್ಪತ್ರೆ ಬೇಕು ಅಂತ ಜನ ಎಷ್ಟೋ ವರ್ಷದಿಂದ ಕೇಳುತ್ತಿದ್ದಾರೆ. ಜೀವಕ್ಕೆ ಬಂದಾಗ ಮಣಿಪಾಲ, ಮಂಗಳೂರು, ಹುಬ್ಬಳ್ಳಿ, ಗೋವಾ ಅಂತ ಓಡಬೇಕು. ನಮ್ಮ ಅಪ್ಪನನ್ನು ಹಾಗೆ ಆಂಬುಲೆನ್ಸ್‌ನಲ್ಲಿ ಒಯ್ದಾಗ ಆ ಊರಲ್ಲಿ ನಮಗೆ ಯಾರೂ ಗೊತ್ತಿರಲಿಲ್ಲ. ರಾತ್ರಿ ಹನ್ನೊಂದಕ್ಕೆ ಒಬ್ಬ ಹುಡುಗ ಬೈಕಲ್ಲಿ ಬಂದು ರಕ್ತ ಕೊಟ್ಟು ಹೋದ. ಟೀ ಕುಡಿಯುವುದಕ್ಕೂ ನಿಲ್ಲಲಿಲ್ಲ. ಹೆಸರೂ ಕೇಳಲಾಗಲಿಲ್ಲ. ಅಪ್ಪ ಈಗ ತೋಟಕ್ಕೆ ಹೋಗಿಬರುತ್ತಾರೆ. ನಾನು ಈವರೆಗೆ 11 ಸಲ ಕೊಟ್ಟಿದ್ದೇನೆ.

ಅಂಕೋಲಾದಿಂದ

ಮಗಾ, ನಾನು ಮೂವತ್ತಕ್ಕೂ ಜಾಸ್ತಿ ವರ್ಷ ಶಾಲೆಯಲ್ಲಿ ಅಕ್ಕೋರಾಗಿದ್ದವಳು, ಅಂದರೆ ಟೀಚರ್. ನಿವೃತ್ತಿಯ ಮಾರನೇ ದಿನ ಒಂಬತ್ತೂವರೆಗೆ ಸೀರೆ ಉಟ್ಟು ಜಗುಲಿಯಲ್ಲಿ ನಿಂತಿದ್ದೆ. ಹೋಗುವುದಕ್ಕೆ ಜಾಗವಿರಲಿಲ್ಲ. ನೀನು ಹೇಳುವ ಮಂಕು ನನಗೆ ಗೊತ್ತು.

ನಮ್ಮ ಓಣಿಯ ಕೊನೆಗೆ ಒಬ್ಬರು ಹಾಲಕ್ಕಿ ಸಮುದಾಯದ ಅಜ್ಜಿ ಇದ್ದಾರೆ. ಒಂಟಿ ಜೀವ, ಮಗ ಗೋವಾದಲ್ಲಿ ದುಡಿಯುತ್ತಾನೆ. ಒಂದು ದಿನ ಮಾತ್ರೆಗಳ ಹಾಳೆ ಹಿಡಿದುಕೊಂಡು ಬಂದರು, "ಅಕ್ಕೋರೆ, ಇದ್ರಲ್ಲಿ ರಾತ್ರಿದು ಯಾವ್ದು?" ನಾನು ದೊಡ್ಡ ಅಕ್ಷರದಲ್ಲಿ ಚೀಟಿ ಬರೆದು ಅಂಟಿಸಿ ಕೊಟ್ಟೆ. ಅಜ್ಜಿ ತಲೆಯಾಡಿಸಿ ಹೋದರು. ಎರಡು ವಾರ ಬಿಟ್ಟು ನೋಡಿದರೆ ಬಿಪಿ ಮಾತ್ರೆ ಮುಟ್ಟಿಯೇ ಇಲ್ಲ. ಅವರಿಗೆ ಓದು ಬರುವುದಿಲ್ಲ, ಹೇಳುವುದಕ್ಕೆ ಸಂಕೋಚ. ಕೇಳಬೇಕಾದದ್ದು ನಾನು. ಅವತ್ತು ರಾತ್ರಿ ನಿದ್ದೆ ಬರಲಿಲ್ಲ.

ಮಾರನೇ ದಿನ ಹಳೇ ರವಿಕೆ ಬಟ್ಟೆಯಿಂದ ಮೂರು ಸಣ್ಣ ಚೀಲ ಹೊಲಿದೆ. ಬಾಯಿಗೆ ದಾರ. ಬೆಳಗಿನ ಚೀಲದ ದಾರಕ್ಕೆ ಒಂದು ಗಂಟು, ಮಧ್ಯಾಹ್ನದ್ದಕ್ಕೆ ಎರಡು, ರಾತ್ರಿಯದ್ದಕ್ಕೆ ಮೂರು. ಅಜ್ಜಿಗೆ ಕಣ್ಣೂ ಮಂಜು. ಬೆರಳಲ್ಲಿ ಗಂಟು ಎಣಿಸುತ್ತಾರೆ, ಒಂದು, ಎರಡು, ಮೂರು. ಈಗ ತಪ್ಪುವುದಿಲ್ಲ. ಪ್ರತಿ ಶುಕ್ರವಾರ ನಾನು ಹೋಗಿ ವಾರದ ಮಾತ್ರೆ ತುಂಬಿ ಬರುತ್ತೇನೆ. ಹತ್ತು ನಿಮಿಷದ ಕೆಲಸ. ಆದರೆ ಎದ್ದು ಬರುವುದು ಎರಡು ತಾಸಿನ ಮೇಲೆ. ಯಾಕೆಂದರೆ ಅಜ್ಜಿ ಹಾಡುತ್ತಾರೆ.

ಅಕ್ಕಿ ಆರಿಸುತ್ತಾ ಹಾಡುತ್ತಾರೆ, ಕುತ್ತಿಗೆ ತುಂಬ ಇರುವ ಮಣಿಸರ ಹಾಡಿನ ಜೊತೆ ಅಲುಗುತ್ತದೆ. ನಟ್ಟಿಯ ಹಾಡು, ಮದುವೆ ಹಾಡು, ಸುಗ್ಗಿ ಹಾಡು. ನಾನು ನೋಟ್‌ಬುಕ್ಕಲ್ಲಿ ಬರೆದುಕೊಳ್ಳುತ್ತೇನೆ. ಮೊದಲ ಸಲ ಬರೆದದ್ದನ್ನು ಓದಿ ಹೇಳಿದಾಗ ಅಜ್ಜಿ ತಡೆದರು: "ಅಲ್ಲಿ ಎಳೀಬೇಕು ಅಕ್ಕೋರೆ. ನೀವು ತುಂಡು ಮಾಡಿ ಹಾಕಿದ್ರಿ." ಅವತ್ತಿನಿಂದ ಎಳೆಯುವ ಕಡೆಯೆಲ್ಲ ಅಕ್ಷರದ ಮುಂದೆ ಒಂದು ಗೆರೆ ಎಳೆಯುತ್ತೇನೆ. ದೀರ್ಘ ಎಳೆದರೆ ದೀರ್ಘ ಗೆರೆ. ನನ್ನ ಪುಸ್ತಕ ತುಂಬ ಗೆರೆಗಳೇ ಇವೆ.

ನಮ್ಮ ತಾಲ್ಲೂಕಿನ ಬಡಗೇರಿಯ ಸುಕ್ರಿ ಬೊಮ್ಮಗೌಡರಿಗೆ ಇಂಥ ಹಾಡುಗಳಿಗಾಗಿಯೇ 2017ರಲ್ಲಿ ಪದ್ಮಶ್ರೀ ಬಂತು. ಊರಿಂದ ಸಾರಾಯಿ ಓಡಿಸುವುದಕ್ಕೂ ಅವರು ಹೋರಾಡಿದವರು. 2025ರ ಫೆಬ್ರುವರಿಯಲ್ಲಿ ತೀರಿಕೊಂಡರು. ಅವರ ಹಾಡು ಉಳಿದಿದೆ. ನಮ್ಮ ಓಣಿಯ ಅಜ್ಜಿಯ ಹಾಡನ್ನು ಯಾರೂ ಬರೆದಿರಲಿಲ್ಲ. ಈಗ 63 ಹಾಡು ಆಗಿವೆ.

ನಿನ್ನ ಬಾಡಿಗೆ ಮನೆಯ ಸುತ್ತ ಮಾತ್ರೆ ಗುರುತು ಸಿಗದವರು ಖಂಡಿತ ಒಬ್ಬರಿದ್ದಾರೆ. ವಿಚಾರಿಸು. ಓದು ಬರುತ್ತದಾ ಅಂತ ಮೊದಲೇ ಕೇಳು.

ಹೊನ್ನಾವರ, ಕಾಸರಕೋಡಿನಿಂದ

ನಮ್ಮ ಮನೆ ಕಡಲಿಗೆ ಹತ್ತಿರ. ಚಳಿಗಾಲದ ರಾತ್ರಿಗಳಲ್ಲಿ ಆಲಿವ್ ರಿಡ್ಲೆ ಕಡಲಾಮೆಗಳು ನಮ್ಮ ದಂಡೆಗೆ ಮೊಟ್ಟೆ ಇಡಲು ಬರುತ್ತವೆ. ಒಂದು ಗುಂಡಿಯಲ್ಲಿ ಸುಮಾರು ನೂರು ಮೊಟ್ಟೆ. 45ರಿಂದ 60 ದಿನಕ್ಕೆ ಮರಿ ಹೊರಗೆ ಬರುತ್ತವೆ. ರಾತ್ರಿ ಕಡಲ ಕಡೆ ಬೆಳಕು ಜಾಸ್ತಿ ಇರುತ್ತದೆ, ಅದನ್ನು ನೋಡಿಕೊಂಡೇ ಮರಿಗಳು ನೀರಿಗೆ ಹೋಗುವುದು. ನಮ್ಮ ಜಗುಲಿಯ ದೊಡ್ಡ ಎಲ್‌ಇಡಿ ದೀಪ ಕಂಡರೆ ದಾರಿ ತಪ್ಪಿ ರಸ್ತೆ ಕಡೆ ಬಂದುಬಿಡುತ್ತವೆ.

ಅದು ಗೊತ್ತಾದ ಮೇಲೆ ಆ ತಿಂಗಳುಗಳಲ್ಲಿ ರಾತ್ರಿ ಎಂಟಕ್ಕೇ ಹೊರಗಿನ ದೀಪ ಆರಿಸುತ್ತೇವೆ. ಪಕ್ಕದ ನಾಲ್ಕು ಮನೆಯವರೂ ಒಪ್ಪಿದರು. ದೀಪ ಆರಿಸಿದ ಮೇಲೆ ಗೊತ್ತಾಯಿತು, ನಮ್ಮ ಅಂಗಳದಿಂದ ಇಷ್ಟು ನಕ್ಷತ್ರ ಕಾಣುತ್ತವೆ ಅಂತ. ನನ್ನ ಎಂಟು ವರ್ಷದ ಮಗಳು ಈಗ ಊಟವಾದ ಕೂಡಲೇ ಚಾಪೆ ಹಾಸುತ್ತಾಳೆ.

ಮಾಜಾಳಿಯಿಂದ

ಕೋಡಿಬಾಗದ ಅಣ್ಣ ಹೇಳಿದ್ದು ಸರಿ. ಒಂದು ಮಾತು ಮಾತ್ರ ಸೇರಿಸುತ್ತೇನೆ. ಕಡಲತೀರ ಪೂರ್ತಿ ಸ್ವಚ್ಛ ಮಾಡಲು ಹೋಗಬೇಡಿ. ನಾವು ಹದಿನೈದು ಜನ ಬ್ಯಾನರ್ ಹಿಡಿದು ಶುರು ಮಾಡಿದ್ದೆವು, ಮಳೆಗಾಲದಲ್ಲಿ. ಕಡಲು ರಾತ್ರಿ ಬೆಳಗಾಗುವುದರಲ್ಲಿ ಅಷ್ಟೇ ಕಸ ತಂದು ಹಾಕುತ್ತಿತ್ತು. ಮೂರನೇ ಭಾನುವಾರ ನಾನೊಬ್ಬನೇ ಉಳಿದೆ. ಬಹಳ ಬೇಜಾರಾಯಿತು.

ಈಗ ಒಡೆದ ಗಾಜು ಮಾತ್ರ ಹೆಕ್ಕುತ್ತೇನೆ. ದೋಣಿ ಎಳೆಯುವ ಜಾಗದಲ್ಲಿ ಮಾತ್ರ. ಅಲ್ಲಿ ಎಲ್ಲರೂ ಬರಿಗಾಲಲ್ಲಿ ಓಡಾಡುತ್ತಾರೆ. ಬೆಳಗಿನ ಓರೆ ಬಿಸಿಲಿಗೆ ಗಾಜು ಹೊಳೆಯುತ್ತದೆ, ಬೇಗ ಸಿಗುತ್ತದೆ. ದಪ್ಪ ಪ್ಲಾಸ್ಟಿಕ್ ಡಬ್ಬಿ ಒಯ್ಯಿರಿ, ಚೀಲ ಹರಿಯುತ್ತದೆ.

ಕೇಳಿದವರು, ಮೂರು ವಾರದ ನಂತರ

ಎಲ್ಲರ ಮಾತನ್ನೂ ಎರಡೆರಡು ಸಲ ಓದಿದೆ. ಶಿರಸಿ ಅಕ್ಕ, ಬೀಜ ಬಂತು, ಅದೇ ದಿನ ಹಾಕಿದೆ. ಇನ್ನೂ ಹುಟ್ಟಿಲ್ಲ. ಕಾಯುತ್ತಿದ್ದೇನೆ.

ಮೊನ್ನೆ ಭಾನುವಾರ ಧೈರ್ಯ ಮಾಡಿ ಕಡಲತೀರಕ್ಕೆ ಹೋದೆ. ಯಾರೂ ಏನೂ ಕೇಳಲಿಲ್ಲ, ಒಬ್ಬರು ಹೆಂಗಸು ಸರಿದು ಹಗ್ಗದಲ್ಲಿ ಜಾಗ ಕೊಟ್ಟರು. ಕೈ ಉರಿಯುವುದು ನಿಜ. ಕೊನೆಗೆ ನನ್ನ ಕೈಗೂ ಏಳು ತಾರ್ಲೆ ಹಾಕಿದರು. ನಾನು ಮೀನು ತಿನ್ನುವವಳಲ್ಲ. ಬೇಡ ಅನ್ನಲು ಮನಸ್ಸು ಬರಲಿಲ್ಲ. ಹಾಗೇ ಹಿಡಿದುಕೊಂಡು ಬಂದು ಕೆಳಗಿನ ಮನೆಯ ಬಾಗಿಲು ತಟ್ಟಿದೆ. ಎಂಟು ತಿಂಗಳಲ್ಲಿ ಅವರ ಜೊತೆ ಬಾಡಿಗೆಯ ಮಾತು ಬಿಟ್ಟು ಬೇರೆ ಆಡಿರಲಿಲ್ಲ. ಮಧ್ಯಾಹ್ನ ಅವರು ಮೇಲೆ ಬಂದರು, ನನಗಾಗಿ ಬೇರೆ ಪಾತ್ರೆಯಲ್ಲಿ ಮಾಡಿದ ಸೋಲ್ ಕಡಿ ತಂದಿದ್ದರು. ಬಣ್ಣ ನೋಡಿ ಇದೇನು ಅಂದೆ. ಮುರುಗಲು ಸಿಪ್ಪೆ, ತೆಂಗಿನ ಹಾಲು ಅಂದರು. ಕಿಟಕಿಯಲ್ಲಿದ್ದ ಕೊಟ್ಟೆಗಳನ್ನು ತೋರಿಸಿದೆ.

ಅವರ ಅತ್ತೆಗೆ 80 ದಾಟಿದೆಯಂತೆ. ಮಾತ್ರೆ ಯಾರು ನೋಡಿಕೊಳ್ಳುತ್ತಾರೆ ಅಂತ ಕೇಳಿದ್ದೇನೆ. ಅಂಕೋಲಾದ ಅಕ್ಕೋರೆ, ಆ ಚೀಲದ ದಾರ ಎಷ್ಟು ದಪ್ಪ ಇರಬೇಕು, ತಿಳಿಸುತ್ತೀರಾ?